ಬಿಯರಿಗೆ ಆಣೆ ಹಾಕಿದ ಕಾಕಾ

ಬಿಯರಿನ ನೊರೆಯನ್ನು ಹೊಟ್ಟು ಎಂದು ತಿಳಿದು ಊದಿ ತೂರಿದ ಮನುಷ್ಯನನ್ನು ನಾನು ಜೀವಮಾನದಲ್ಲಿ ಒಬ್ಬರನ್ನೇ ಕಂಡಿದ್ದೇನೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ಹೋಗಿ ಬಹಳ ವರ್ಷಗಳಾದವು. ಅವರ ಮೊಮ್ಮಕ್ಕಳು ಈಗಲೂ ಅದೇ ಪೇಟೆಯಲ್ಲಿ ಮರ್ಯಾದೆಯಿಂದ ವ್ಯಾಪಾರ ಮಾಡಿಕೊಂಡಿದ್ದಾರೆ. ಅಜ್ಜ ವಾರಕ್ಕೊಮ್ಮೆ ತಪ್ಪದೆ ಬಾರಿಗೆ ಹೋಗುತ್ತಿದ್ದ ಎಂಬ ಸುದ್ದಿ ಅವರಿಗೆ ನನ್ನಿಂದ ತಲುಪುವುದು ಬೇಡ. ಊರಿಗೆಲ್ಲ ಅವರು ಕಾಕಾ, ನನಗೂ ಕಾಕಾ. ಅಷ್ಟು ಸಾಕು.

ಎಂಬತ್ತರ ದಶಕದ ನಡುವಿನ ಮಾತು. ಕುಂದಗೋಳ ತಾಲೂಕಿನ ಒಂದು ಸಣ್ಣ ಸ್ಟೇಷನ್ನಿಗೆ ನಾನು ಗೂಡ್ಸ್ ಕ್ಲಾರ್ಕ್ ಆಗಿ ಬಂದಿದ್ದೆ. ನನ್ನ ಊರು ಕಲಘಟಗಿ ಕಡೆ. ಭತ್ತದ ಗದ್ದೆ, ಕಬ್ಬು, ಹಿಂದೆ ಕಾಡು ನೋಡಿಕೊಂಡು ಬೆಳೆದವನಿಗೆ ಈ ಎರೆ ಹೊಲಗಳ ಬಯಲು ಮೊದಮೊದಲು ಹಿಡಿಸಲಿಲ್ಲ. ಮದುವೆಯಾಗಿರಲಿಲ್ಲ, ಖಾನಾವಳಿ ಊಟ, ಸ್ಟೇಷನ್ನಿನ ಹಿಂದೆ ಒಂದು ಖೋಲಿ. ಸಂತೆಯ ಹಿಂದಿನ ದಿನ ಮಧ್ಯಾಹ್ನ ಕೆಲಸ ಮುಗಿಸಿ ಶೇಖಪ್ಪನ ಬಾರಿನಲ್ಲಿ ಒಂದು ಬಿಯರು ಕುಡಿಯುವುದೊಂದೇ ನನ್ನ ವಿಲಾಸ. ಶೇಖಪ್ಪ ಹತ್ತಿಯ ಗೋದಾಮಿಗೆ ಸುಣ್ಣ ಹೊಡೆಸಿ, ನಾಲ್ಕು ಮೇಜು ಹಾಕಿ, ಹೊರಗೊಂದು ಬೋರ್ಡು ಬರೆಸಿ ಅದನ್ನು ಬಾರು ಮಾಡಿದ್ದ. ಮಂಜುಗಡ್ಡೆ ಮತ್ತು ಬಾಟಲಿಗಳ ಪೆಟ್ಟಿಗೆ ಎರಡೂ ಹುಬ್ಬಳ್ಳಿಯಿಂದ ನಮ್ಮ ಸ್ಟೇಷನ್ನಿನಲ್ಲೇ ಇಳಿಯುತ್ತಿದ್ದವು. ಹಾಗಾಗಿ ಬಾರಿನಲ್ಲಿ ಏನಿದೆ, ಏನಿಲ್ಲ ಎಂಬುದು ಶೇಖಪ್ಪನಿಗಿಂತ ಮೊದಲು ನನಗೆ ಗೊತ್ತಿರುತ್ತಿತ್ತು.

ಕಾಕಾ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಮಾಲು ನೋಡುವವರು. ರೈತರು ತಂದ ಶೇಂಗಾ, ಹೆಸರುಕಾಳು, ಕುಸುಬಿ, ಜೋಳದ ಚೀಲಗಳಿಗೆ ಕಬ್ಬಿಣದ ಚೂಪು ಕೊಳವೆ ಚುಚ್ಚಿ ಮೇಲಿನದೊಂದು ಮುಷ್ಟಿ, ನಡುವಿನದೊಂದು, ತಳದ್ದೊಂದು ತೆಗೆದು ಮೂಸುತ್ತಿದ್ದರು. ಆಮೇಲೆ ನಾಲ್ಕು ಕಾಳು ಬಾಯಿಗೆ ಹಾಕಿ, ಎಡಗಣ್ಣು ಮುಚ್ಚಿ ಅಗಿದು, ಪಕ್ಕಕ್ಕೆ ಉಗುಳಿ, "ಹನ್ನೆರಡಾಣೆ ಮಾಲು" ಎಂದರೆ ಮುಗಿಯಿತು. ಆಣೆಗಳು ಚಲಾವಣೆಯಿಂದ ಹೋಗಿ ಎಷ್ಟೋ ಕಾಲವಾಗಿತ್ತು, ಆದರೆ ಅವರ ಬಾಯಲ್ಲಿ ಮಾತ್ರ ನಡೆಯುತ್ತಲೇ ಇದ್ದವು. ಹದಿನಾರಾಣೆ ಎಂದರೆ ಒಂದು ಕುಂದೂ ಇಲ್ಲದ ಮಾಲು, ಎಂಟಾಣೆಗೆ ಇಳಿಯಿತೆಂದರೆ ದನಕ್ಕೆ ಹಾಕುವಂಥದ್ದು. ಅವರು ಹೇಳಿದ ಆಣೆಯ ಮೇಲೆಯೇ ಆ ಚೀಲದ ದರ ನಿಲ್ಲುತ್ತಿತ್ತು. ಆ ನಾಲಿಗೆಗಾಗಿ ಅವರು ನಲವತ್ತು ವರ್ಷ ಎಲೆ ಅಡಿಕೆ ಹಾಕಿರಲಿಲ್ಲ, ತಂಬಾಕು ಮುಟ್ಟಿರಲಿಲ್ಲ, ಸಂತೆಯ ಎರಡು ದಿನ ಮೊದಲಿನಿಂದ ಹಸಿ ಉಳ್ಳಾಗಡ್ಡಿ ತಿನ್ನುತ್ತಿರಲಿಲ್ಲ. ನಮ್ಮ ಕಡೆ ರೊಟ್ಟಿಯ ಬಾಜು ಹಸಿ ಉಳ್ಳಾಗಡ್ಡಿ ಇಲ್ಲದೆ ಉಣ್ಣುವುದು ಎಂಥ ತಪಸ್ಸು ಎಂಬುದು ನಮ್ಮವರಿಗೇ ಗೊತ್ತು.

ಇಂಥವರು ಬಾರಿಗೆ ಬಂದದ್ದು ಶೇಖಪ್ಪನ ಕಾಟಕ್ಕೆ. ಹುಬ್ಬಳ್ಳಿಯ ಏಜೆಂಟ ಹಳೆಯ ಮಾಲನ್ನು ಹಳ್ಳಿಯವರ ತಲೆಗೆ ಕಟ್ಟುತ್ತಿದ್ದಾನೆಂದು ಅವನಿಗೆ ಅನುಮಾನ. ಗಿರಾಕಿಗಳು ಮೂಗು ಮುರಿಯುತ್ತಿದ್ದರು, ಆದರೆ ಯಾವ ಬಾಟಲಿ ಕೆಟ್ಟದ್ದು, ಯಾವುದು ಒಳ್ಳೆಯದು ಎಂದು ಹೇಳುವವರಿಲ್ಲ. ದೂರದ ಸಂಬಂಧದ ಸಲಿಗೆಯಿಂದ ಕಾಕಾರನ್ನು ಕೇಳಿಯೇಬಿಟ್ಟ.

"ನೋಡಾಕ ಅಡ್ಡಿಯಿಲ್ಲ. ಕುಡಿಯೂದಿಲ್ಲ ನೋಡ ಮತ್ತ," ಎಂದರಂತೆ ಕಾಕಾ.

ಆ ದಿನ ನಾನು ಪಕ್ಕದ ಮೇಜಿನಲ್ಲಿದ್ದೆ. ಬಿಳಿ ಧೋತರ, ಹಣೆಯ ಮೇಲೆ ವಿಭೂತಿ, ಹೆಗಲ ಮೇಲೆ ದಪ್ಪ ಟವೆಲ್ಲು. ಬಂದವರೇ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತರು. ಶೇಖಪ್ಪ ಬಾಟಲಿಗಳಿಗೆ ಪೇಪರು ಸುತ್ತಿ, ಮೊದಲನೆಯ ಗ್ಲಾಸು ತುಂಬಿಸಿ ಮುಂದಿಟ್ಟ. ಅರ್ಧ ಗ್ಲಾಸು ಬಿಯರು, ಅರ್ಧ ನೊರೆ.

"ಇದೇನ್ಲೇ ಶೇಖ್ಯಾ, ಇಷ್ಟ ಹೊಟ್ಟ?"

"ಹೊಟ್ಟಲ್ರಿ ಕಾಕಾ, ಅದು ಬುರುಗು. ಅದು ಇದ್ರನ ಮಾಲು ಚಲೋ ಅಂತಾರ್ರಿ."

"ಯಾರ ಅಂತಾರ? ಮಾರಾವ್ರೋ, ಕೊಳ್ಳಾವ್ರೋ?"

ಶೇಖಪ್ಪ ಸ್ವಲ್ಪ ಯೋಚಿಸಿದ. "ಮಾರಾವ್ರರಿ."

"ಹಂಗಾರ ಸುಮ್ನ ನಿಂದ್ರು," ಎಂದವರೇ ಗ್ಲಾಸನ್ನು ಬಾಯ ಹತ್ತಿರ ಹಿಡಿದು ಜೋರಾಗಿ ಊದಿದರು. ನೊರೆಯೆಲ್ಲ ಹಾರಿ ಬಂದು ನನ್ನ ಹೊಸ ಟೆರಿಕಾಟ್ ಪ್ಯಾಂಟಿನ ಮೇಲೆ ಕೂತಿತು. ಕಾಕಾ ನನ್ನ ಕಡೆ ತಿರುಗಿ ಬಹಳ ಗಂಭೀರವಾಗಿ ಹೇಳಿದರು: "ತಪ್ಪಾತ್ರಿ ಸಾಹೇಬ್ರ. ಗಾಳಿ ಯಾ ಕಡೆ ಐತಿ ಅಂತ ನಾ ನೋಡಲಿಲ್ಲ."

ನಮ್ಮ ಪರಿಚಯವಾದದ್ದು ಹೀಗೆ. ನೊರೆಗೆಂದು ಅವರು ಎರಡಾಣೆ ಕಡಿದರು. ಅಂದಿನಿಂದ ಶೇಖಪ್ಪ ಗ್ಲಾಸು ಓರೆ ಮಾಡಿ, ಹಾಲೆರೆಯುವ ಹಾಗೆ ಬಿಯರು ಹಾಕುವುದನ್ನು ಕಲಿತ. ಹೊರಗಿನಿಂದ ಬಂದ ಲಾರಿ ಡ್ರೈವರುಗಳು ಈ ಊರಿನ ಬಿಯರಿನಲ್ಲಿ ದಮ್ಮೇ ಇಲ್ಲ ಎಂದು ಬೈದುಕೊಂಡು ಹೋಗುತ್ತಿದ್ದರು. ಊರಿನವರಿಗೆ ಮಾತ್ರ ಹೊಟ್ಟಿಲ್ಲದ ಬಿಯರು ಕುಡಿಯುತ್ತಿದ್ದೇವೆಂಬ ಹೆಮ್ಮೆ.

ಅವರ ಪರೀಕ್ಷೆಯ ಕ್ರಮವೆಲ್ಲ ಪೇಟೆಯದೇ. ಒಂದೇ ಬಾಟಲಿಯ ಬಾಯಿಯ ಮಾಲು, ನಡುವಿನ ಮಾಲು, ತಳದ ಮಾಲು ಬೇರೆಬೇರೆ ಬೇಕು. ರೈತರು ಚೀಲದ ಬಾಯಿಗೆ ಒಳ್ಳೆಯ ಕಾಳು ಹಾಕಿ ತಳಕ್ಕೆ ಜೊಳ್ಳು ತುಂಬುವುದನ್ನು ನೋಡಿನೋಡಿ ಬಂದ ಅಭ್ಯಾಸ. ಬಿಯರು ಮಾಡುವವರಿಗೆ ಅಷ್ಟು ಉಪಾಯ ಗೊತ್ತಿಲ್ಲ ಎಂದು ಅವರಿಗೆ ನಂಬಿಕೆ ಬರಲು ನಾಲ್ಕು ವಾರ ಹಿಡಿಯಿತು. ಒಂದು ಗುಟುಕು ಬಾಯಿಗೆ ಹಾಕುವರು, ಎಡಗಣ್ಣು ಮುಚ್ಚುವರು, ಗಲ್ಲದಿಂದ ಗಲ್ಲಕ್ಕೆ ತಿರುಗಿಸುವರು, ಮರಳು ತುಂಬಿದ ಎಣ್ಣೆ ಡಬ್ಬಿಗೆ ಉಗುಳುವರು. ಒಂದು ಹನಿಯೂ ಗಂಟಲು ಇಳಿಯುವ ಹಾಗಿಲ್ಲ. "ನುಂಗಿದ್ರ ನಾಲಿಗಿ ನಮ್ಮ ಮಾತ ಕೇಳೂದಿಲ್ಲ, ಅದರ ಮಾತ ನಾವು ಕೇಳಬೇಕಾಗ್ತೈತಿ," ಎನ್ನುತ್ತಿದ್ದರು. ಒಂದು ಬಿಯರಿಗೂ ಇನ್ನೊಂದಕ್ಕೂ ನಡುವೆ ಮನೆಯಿಂದ ತಂದ, ಒಣಗಿಸಿದ ಕಟಕ ರೊಟ್ಟಿಯ ಚೂರು ಅಗಿದು ಬಾಯಿ ಸ್ವಚ್ಛ ಮಾಡಿಕೊಳ್ಳುವರು. ಆ ಹೊತ್ತಿನಲ್ಲಿ ಬಾರಿನಲ್ಲಿ ಯಾರೂ ಮಿರ್ಚಿ ಕರಿಯುವ ಹಾಗಿರಲಿಲ್ಲ. ಗ್ಲಾಸುಗಳಲ್ಲಿ ಉಳಿದದ್ದನ್ನು ವಿಲೇವಾರಿ ಮಾಡುವ ಜವಾಬ್ದಾರಿ ನನ್ನದಾಯಿತು. ಸರಕಾರಿ ನೌಕರನಾದ ನಾನು ಅದನ್ನು ನಿಷ್ಠೆಯಿಂದ ನಿರ್ವಹಿಸಿದೆ.

ಆಣೆ ಹೇಳುವುದೂ ಪೇಟೆಯ ಹಾಗೆಯೇ, ಟವೆಲ್ಲಿನ ಕೆಳಗೆ. ಮಾರುವವನೂ ಕೊಳ್ಳುವವನೂ ಬಟ್ಟೆಯ ಕೆಳಗೆ ಕೈ ಕೂಡಿಸಿ ಬೆರಳು ಒತ್ತಿ ದರ ಮಾತಾಡುವುದನ್ನು ನಮ್ಮ ಕಡೆಯ ಸಂತೆಗಳಲ್ಲಿ ನೋಡಿದವರು ಇನ್ನೂ ಇದ್ದಾರೆ. ಒಂದು ಬೆರಳು ಪೂರ್ತಿ ಹಿಡಿದರೆ ನಾಲ್ಕಾಣೆ, ಒಂದು ಗೆಣ್ಣು ಒತ್ತಿದರೆ ಒಂದಾಣೆ. ಕಾಕಾ ತಮ್ಮ ಟವೆಲ್ಲನ್ನು ನಮ್ಮಿಬ್ಬರ ಕೈಗಳ ಮೇಲೆ ಹಾಸಿ, "ಮೊದಲ ನೀವು ಹೇಳ್ರಿ. ನಾ ಮೊದಲ ಹೇಳಿದ್ರ ನೀವು ಹಿರ್ಯಾ ಮನಷ್ಯಾ ಅಂತ ನಂದ ಹೇಳ್ತೀರಿ," ಎನ್ನುವರು. ನಾನು ಒತ್ತಿದ ಮೇಲೆ ಅವರು ಒತ್ತುವರು. ನನ್ನ ಹದಿನಾಲ್ಕಾಣೆಗೆ ಅವರ ಒಂಬತ್ತಾಣೆ ಬಂದಾಗ ಅವರ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ, ಹೆಬ್ಬೆರಳಿನಿಂದ ನನ್ನ ಅಂಗೈಯನ್ನು ಒಮ್ಮೆ ಮೆಲ್ಲಗೆ ತಟ್ಟುತ್ತಿದ್ದರು. ಪಾಪ, ಇನ್ನೂ ಕಲಿಯಬೇಕು ಎನ್ನುವ ಹಾಗೆ.

ಒಮ್ಮೆ ಹಡಗಿನ ಚಿತ್ರದ ಬಾಟಲಿಯ ಬಿಯರನ್ನು ಬಾಯಿಗೆ ಹಾಕಿದವರು ತಕ್ಷಣ ಉಗುಳಿದರು. "ಇದು ಬಿಸಲಿಗೆ ಬಿದ್ದ ಮಾಲು. ಒಂದ್ ದಿವಸ ಅಲ್ಲ, ಎರಡ ದಿವಸ." ಶೇಖಪ್ಪ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅವನು ತಂಗಿಯ ಮದುವೆಯ ಗಡಿಬಿಡಿಯಲ್ಲಿ ಆ ಪೆಟ್ಟಿಗೆಗಳನ್ನು ಬಿಡಿಸಿಕೊಳ್ಳಲು ಬಾರದೆ, ಅವು ಪ್ಲಾಟ್‌ಫಾರ್ಮಿನ ಮೇಲೆ ಸರಿಯಾಗಿ ಎರಡು ದಿನ ಒಣಗಿದ್ದವು. ನಮ್ಮಿಬ್ಬರನ್ನು ಬಿಟ್ಟು ಆ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ಇನ್ನೊಮ್ಮೆ ಗಡಿಯಾರದ ಚಿತ್ರದ ಬಾಟಲಿಗೆ, "ಇದಕ್ಕ ಹಗೇವಿನ ಜ್ವಾಳದ ವಾಸನಿ ಬರ್ತೈತಿ," ಎಂದರು. ನೆಲದೊಳಗೆ ಹುಗಿದಿಟ್ಟ ಕಾಳಿನ ಆ ಹುಳಿ ವಾಸನೆ ನಮಗೆ ಬಡಿದದ್ದು ಅವರು ಹೇಳಿದ ಮೇಲೆಯೇ. ಶೇಖಪ್ಪ ಹುಬ್ಬಳ್ಳಿಗೆ ಹೋಗಿ ನೋಡಿಕೊಂಡು ಬಂದ. ಏಜೆಂಟನ ನೆಲಮಾಳಿಗೆಯಲ್ಲಿ ಮೊಣಕಾಲುದ್ದ ನೀರು ನಿಂತು ಇಳಿದಿತ್ತಂತೆ. ಆಮೇಲೆ ಶೇಖಪ್ಪ ಕಾಕಾ ಹೇಳಿದ ಮಾಲನ್ನಷ್ಟೇ ತರಿಸತೊಡಗಿದ, ಬಾರು ಚೆನ್ನಾಗಿ ನಡೆಯಿತು.

ಅವರ ಮನೆಗೂ ಹೋಗಿಬರುವಷ್ಟು ಸಲಿಗೆ ಬೆಳೆಯಿತು. ಕಾಕಾರ ಹೆಂಡತಿ, ನಮಗೆಲ್ಲ ಕಾಕು, ತುಂಬಿದ ಬಾಯಿಯ ಹೆಣ್ಣುಮಗಳು. ಗಂಡ ಬಾರಿಗೆ ಹೋಗುವುದರ ಬಗ್ಗೆ ಅವರಿಗೆ ತಕರಾರೇ ಇರಲಿಲ್ಲ. "ಹೋಗಲೇಳ್ರಿ. ಅಲ್ಲೆ ಹೋಗಿ ಆಣೇ ಹಾಕಿದ್ರ ಮನ್ಯಾಗ ಒಂದಿಷ್ಟು ಕಡಿಮಿ ಹಾಕ್ತಾರ. ಮದುವ್ಯಾಗಿ ಬಂದ ಮರುದಿವಸ ನನ್ನ ಬ್ಯಾಳಿ ಸಾರಿಗೆ ಹತ್ತಾಣೆ ಹಾಕಿದ ಗಂಡಸು ಇವ್ರು," ಎಂದು ನನಗೆ ಬಡಿಸುತ್ತ ಹೇಳಿದರು. ಕಾಕಾ ತಲೆಯೆತ್ತದೆ ಉಣ್ಣುತ್ತ, "ಹತ್ತೂವರಿ," ಎಂದರು.

ಆದರೆ ನನಗೆ ಒಂದು ಮಾತು ಬಗೆಹರಿಯದೆ ಉಳಿದಿತ್ತು. ಶೇಖಪ್ಪನ ಕೆಲಸ ಆಗಿಹೋಗಿತ್ತು, ಏಜೆಂಟ ಹೆದರಿ ನೆಟ್ಟಗಾಗಿದ್ದ. ಆದರೂ ಕಾಕಾ ವಾರ ತಪ್ಪದೆ ಬರುತ್ತಿದ್ದರು, ಕುಡಿಯದೆ ಹೋಗುತ್ತಿದ್ದರು. ಯಾಕೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಒಂದು ಮಧ್ಯಾಹ್ನ ಮಗಳನ್ನು ಎದುರುಗೊಳ್ಳಲು ಸ್ಟೇಷನ್ನಿಗೆ ಬಂದಿದ್ದರು. ಗಾಡಿ ತಡವಾಗಿತ್ತು. ಬೇವಿನ ಗಿಡದ ಕೆಳಗಿನ ಬೆಂಚಿನ ಮೇಲೆ ನನ್ನನ್ನು ಕೂಡಿಸಿಕೊಂಡು ಅವರೇ ಮಾತು ತೆಗೆದರು. ಅವರ ಬಾಯಲ್ಲಿ ನಾನು 'ಸಾಹೇಬ್ರ' ಹೋಗಿ 'ತಮ್ಮಾ' ಆದದ್ದು ಆ ದಿನ.

"ತಮ್ಮಾ, ನಾ ಒಂದ್ ಚೀಲ ಶೇಂಗಾ ಹನ್ನೊಂದಾಣೆ ಅಂದ್ರ ಪ್ಯಾಟ್ಯಾಗ ಯಾರರ ಅಲ್ಲ ಅಂತಾರೇನು?"

"ಇಲ್ರಿ ಕಾಕಾ. ಯಾರ ಅಂತಾರ?"

"ಹಂಗಾರ ನಾ ತಪ್ಪಿದ್ರ ನನಗ ಹೆಂಗ ಗೊತ್ತಾಗಬೇಕು?"

ಅವರು ಹಳಿಗಳ ಕಡೆ ನೋಡುತ್ತ ಹೇಳಿದರು. ಅವರ ತಂದೆಯೂ ಮಾಲು ನೋಡುವವರು, ಇವರಿಗಿಂತ ದೊಡ್ಡ ಹೆಸರು. ವಯಸ್ಸು ಅರವತ್ತರ ಸುಮಾರಿಗೆ ಬಂದಾಗ ತಂದೆಯ ನಾಲಿಗೆ ಹೋಯಿತು. ಅದು ತಂದೆಗೆ ತಿಳಿಯಲಿಲ್ಲ. ಕೆಲಸ ಕಲಿಯುತ್ತ ಬಾಜೂಕ್ಕೆ ಕೂತಿದ್ದ ಮಗನಿಗೆ ತಿಳಿಯಿತು. ಒಳ್ಳೆಯ ಮಾಲಿಗೆ ಎಂಟಾಣೆ, ಮುಗ್ಗು ಹಿಡಿದದ್ದಕ್ಕೆ ಹದಿಮೂರಾಣೆ ಬೀಳುತ್ತಿತ್ತು. ರೈತರು ತಲೆ ಬಗ್ಗಿಸಿ ಒಪ್ಪಿಕೊಂಡು ಹೋಗುತ್ತಿದ್ದರು.

"ನಾ ಹೇಳಲಿಲ್ಲ. ಅಪ್ಪಗ ಹೆಂಗ ಹೇಳೂದು? ಇವತ್ತ ಹೇಳತೇನಿ, ನಾಳೆ ಹೇಳತೇನಿ ಅಂತ ಎರಡ ವರ್ಷ ಕಳದೆ. ಅಷ್ಟರಾಗ ಅಂವ ಹ್ವಾದ. ಎಷ್ಟ ಮಂದಿ ವರ್ಷದ ದುಡತಾ ಆ ಎರಡ ವರ್ಷದಾಗ ಹಾಳಾತು, ದೇವರಿಗೇ ಗೊತ್ತು." ನನ್ನ ಕಡೆ ತಿರುಗಿದರು. "ಈಗ ನನಗ ಅರವತ್ತೊಂದು. ಶೇಂಗಾಕ್ಕ ಯಾರೂ ಚೀಟಿ ಅಂಟಿಸಿರೂದಿಲ್ಲ, ಬಿಯರಿಗೆ ಅಂಟಿಸಿರ್ತಾರ. ಯಾವ ಬಾಟ್ಲಿ ಮಾಲು ಅಂತ ನಾ ಹೇಳಿದ್ದು ಖರೇನೋ ಸುಳ್ಳೋ ಪೇಪರ ಬಿಚ್ಚಿದ್ರ ಗೊತ್ತಾಗ್ತೈತಿ. ಅದಕ್ಕ ಬರ್ತೀನಿ."

ಅಲ್ಲಿಯೇ ನಮ್ಮ ಕರಾರು ಆಯಿತು. ಇನ್ನು ಮೇಲೆ ಶೇಖಪ್ಪ ಗಿರಾಕಿ ನೋಡಿಕೊಳ್ಳಲಿ, ಗ್ಲಾಸು ತುಂಬಿಸುವವನು ನಾನು. ನಾಲ್ಕು ಬಾಟಲಿ, ಐದು ಗ್ಲಾಸು. ಯಾವುದಾದರೂ ಒಂದು ಬಿಯರನ್ನು ಎರಡು ಗ್ಲಾಸಿಗೆ ಹಾಕಬೇಕು. ಆ ಜೋಡಿ ಯಾವುದೆಂದು ಅವರು ಹಿಡಿಯಬೇಕು. ಶೇಖಪ್ಪನಿಗೂ ತಿಳಿಯದ ಹಾಗೆ ಅದನ್ನು ಟವೆಲ್ಲಿನ ಕೆಳಗೆ ನನ್ನ ಉಗುರು ಒತ್ತಿ ಹೇಳುವರು: ಹೆಬ್ಬೆರಳ ಉಗುರು ಒಂದನೇ ಗ್ಲಾಸು, ಅಲ್ಲಿಂದ ಎಣಿಸುತ್ತ ಕಿರುಬೆರಳಿನದು ಐದನೇದು. ಸರಿಯಿದ್ದರೆ ನಾನು ಅವೇ ಉಗುರುಗಳನ್ನು ತಿರುಗಿ ಒತ್ತಬೇಕು.

"ತಪ್ಪಿದ ದಿವಸ ನೀ ಹೇಳಬೇಕು," ಎಂದರು. "ಅವತ್ತನ ಹೇಳಬೇಕು. ನನ್ನ ಮ್ಯಾಲೆ ಕರುಣಾ ತೋರಸಬ್ಯಾಡ ತಮ್ಮಾ. ಆಣೀ ಮಾಡು." ನಾನು ಅವರ ಕೈ ಮುಟ್ಟಿ ಆಣೆ ಮಾಡಿದೆ. ಅಷ್ಟರಲ್ಲಿ ಗಾಡಿ ಬಂತು, ಅವರ ಮಗಳು ಎರಡು ಬುಟ್ಟಿ ಇಳಿಸಿ ಜಗಳವಾಡುತ್ತಲೇ ಕೆಳಗಿಳಿದಳು.

ಒಂದು ವರ್ಷದ ಮೇಲೆ ನಡೆಯಿತು ಈ ಆಟ. ಒಮ್ಮೆಯೂ ತಪ್ಪಲಿಲ್ಲ. ಒಂದು ಸಲ ನಾನು ಕಿಡಿಗೇಡಿತನ ಮಾಡಿ ಐದೂ ಗ್ಲಾಸಿಗೆ ಒಂದೇ ಬಿಯರು ಹಾಕಿದೆ. ಅವರು ಟವೆಲ್ಲಿನ ಕೆಳಗೆ ನನ್ನ ಐದೂ ಉಗುರುಗಳನ್ನು ಚಿವುಟಿ, ಮೀಸೆಯ ಕೆಳಗೆ ನಕ್ಕರು. ಇನ್ನೊಂದು ಸಲ ಹೊಸದಾಗಿ ಬಂದ ಐದನೆಯ ಬಿಯರು ಸೇರಿಸಿ, ಜೋಡಿಯೇ ಇಲ್ಲದ ಹಾಗೆ ಇಟ್ಟೆ. ಅವರು ಅಂಗೈ ಬಿಡಿಸಿ ಮಲಗಿಸಿದರು. ಜೋಡಿ ಇಲ್ಲ ಎಂದು ಅರ್ಥ. ನಾನೂ ಅಂಗೈ ಬಿಡಿಸಿದೆ. ಪರೀಕ್ಷೆ ಮುಗಿದ ಮೇಲೆ ಸಂತೃಪ್ತಿಯಿಂದ ಕಟಕ ರೊಟ್ಟಿಯ ಕೊನೆಯ ಚೂರು ಕಡಿಯುತ್ತ, ಮರುದಿನದ ಸಂತೆಗೆ ಯಾವ ಹಳ್ಳಿಯಿಂದ ಎಷ್ಟು ಗಾಡಿ ಬರಬಹುದೆಂದು ಲೆಕ್ಕ ಹಾಕುತ್ತ ಕೂರುವರು. ಆ ಮಧ್ಯಾಹ್ನಗಳಲ್ಲಿ ನಾನು ಬಹಳ ಸುಖವಾಗಿದ್ದೆ. ಎರೆ ಹೊಲದ ಬಯಲು ನನಗೆ ಹಿಡಿಸತೊಡಗಿದ್ದೂ ಆಗಲೇ.

ಆ ವರ್ಷ ದೀಪಾವಳಿ ಕಳೆದ ಮೇಲಿನ ಒಂದು ದಿನ. ಶೇಂಗಾದ ಸುಗ್ಗಿ ಜೋರಾಗಿತ್ತು. ನಾನು ಹಡಗಿನ ಚಿತ್ರದ ಬಿಯರನ್ನು ಒಂದನೇ ಗ್ಲಾಸಿಗೂ ನಾಲ್ಕನೇ ಗ್ಲಾಸಿಗೂ ಹಾಕಿದೆ. ಕಾಕಾ ಎಡಗಣ್ಣು ಮುಚ್ಚಿ ಒಂದೊಂದಾಗಿ ನೋಡಿದರು. ಒಂದನೆಯದಕ್ಕೆ ಹನ್ನೆರಡಾಣೆ ಒತ್ತಿದರು. ನಾಲ್ಕನೆಯದಕ್ಕೆ ಏಳು. ಎರಡೂ ಒಂದೇ ಬಾಟಲಿಯದು. ಕೊನೆಗೆ ಜೋಡಿ ಹೇಳುವ ಹೊತ್ತಿಗೆ ಅವರ ಬೆರಳುಗಳು ನನ್ನ ಉಗುರುಗಳ ಮೇಲೆ ಅತ್ತಿಂದಿತ್ತ ಓಡಾಡಿ, ಹಿಂದೆ ಸರಿದವು. ಅಂಗೈ ಬಿಡಿಸಿ ಮಲಗಿಸಿದರು. ಜೋಡಿ ಇಲ್ಲ.

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಆಣೆ ಮಾಡಿದವನು. ಆದರೂ ನನ್ನ ಅಂಗೈ ತಾನಾಗಿಯೇ ಬಿಚ್ಚಿಕೊಂಡಿತು. ಹೌದು, ಜೋಡಿ ಇಲ್ಲ ಎಂಬ ಹಾಗೆ. ಅವರ ಹೆಗಲು ಸಡಿಲವಾದದ್ದು ಕಣ್ಣಿಗೆ ಕಾಣುವಂತಿತ್ತು. "ಇವತ್ತ ಸ್ವಲ್ಪ ಅನುಮಾನ ಬಂದಿತ್ತಪಾ," ಎಂದು ನಕ್ಕು ರೊಟ್ಟಿ ಕಡಿದರು. ನೆಗಡಿಯಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಒಮ್ಮೆ ಯಾರಿಗೆ ತಪ್ಪುವುದಿಲ್ಲ? ಮುಂದಿನ ವಾರ ನೋಡೋಣ. ಅವರಿಗೆ ನೆಗಡಿ ಇರಲಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಗಾಡಿಗೆ ಎಷ್ಟು ಚೀಲ ಹೇರಬೇಕಾಗುತ್ತದೆಂದು ವಿಚಾರಿಸಲು ಪೇಟೆಗೆ ಹೋದೆ. ಕಾಕಾರ ಮುಂದೆ ಒಬ್ಬ ಹೆಣ್ಣುಮಗಳ ಮೂರು ಚೀಲ ಶೇಂಗಾ ಬಿಚ್ಚಿಟ್ಟಿತ್ತು. ಪಕ್ಕದ ಹಳ್ಳಿಯವಳು, ಯಾರದ್ದೋ ಚಕ್ಕಡಿಯಲ್ಲಿ ಹೇರಿಕೊಂಡು ಬಂದಿದ್ದಳು. ಕಾಕಾ ನಾಲ್ಕು ಕಾಳು ಅಗಿದು ಉಗುಳಿದರು.

"ಒಂಬತ್ತಾಣೆ. ಕಹಿ ಬಂದೇತಿ ಅವ್ವಾ."

"ಕಹಿ ಏನ್ರಿ?" ಎಂದಳು ಅವಳು, ನಂಬಲಾಗದೆ. ಆಮೇಲೆ ತನ್ನನ್ನೇ ಸಮಾಧಾನ ಮಾಡಿಕೊಂಡಳು. "ನೀವು ಅಂದ ಮ್ಯಾಲೆ ಇರಬೇಕು ಬಿಡ್ರಿ. ಮನ್ಯಾಗ ನಾವೆಲ್ಲಾ ಸಿಹಿ ಅದಾವ ಅಂತ ತಿಂದ್ವಿ. ನಮ್ಮ ಬಾಯಿಗೆ ಏನ್ ತಿಳೀತೈತಿ?"

ನಾನು ಬಗ್ಗಿ ಚೀಲದ ಬಾಯಿಯಿಂದ ಎರಡು, ಕೈ ತೂರಿಸಿ ತಳದಿಂದ ಎರಡು ಕಾಯಿ ತೆಗೆದು, ಸುಲಿದು ತಿಂದೆ. ಒಂದು ವರ್ಷ ಕಾಕಾರ ಶಿಷ್ಯನಾಗಿದ್ದೆ, ಇಷ್ಟಾದರೂ ಗೊತ್ತಾಗಬೇಕಲ್ಲ. ಹಾಲಿನಂಥ ಸಿಹಿ. ಅವಳು ಚೀಲದ ಬಾಯಿ ಹೊಲಿಯಲು ದಬ್ಬಣ ಎತ್ತಿಕೊಂಡಿದ್ದಳು. ಅಷ್ಟು ಜನರ ಮುಂದೆ ಬಾಯಿ ಬಿಟ್ಟು ಹೇಳಲು ನನ್ನಿಂದ ಆಗಲಿಲ್ಲ. ಗಾದಿಯ ಮೇಲೆ ಅವರ ಪಕ್ಕ ಕೂತು, ಅವರ ತೊಡೆಯ ಮೇಲಿದ್ದ ಟವೆಲ್ಲಿನ ಕೆಳಗೆ ಕೈ ಹಾಕಿ ಅವರ ಕೈ ಹಿಡಿದೆ. ಹೆಬ್ಬೆರಳ ಉಗುರನ್ನೂ ಉಂಗುರದ ಬೆರಳಿನ ಉಗುರನ್ನೂ ಒಟ್ಟಿಗೆ ಒತ್ತಿದೆ. ಒಂದು ಮತ್ತು ನಾಲ್ಕು.

"ನಿನ್ನಿನದೇನು?" ಎಂದರು.

"ಹೌದ್ರಿ ಕಾಕಾ."

ಅವರು ಕೈ ಬಿಡಿಸಿಕೊಂಡು ಎದ್ದು ನಿಂತರು. "ಅವ್ವಾ, ಚೀಲಾ ಹೊಲೀಬ್ಯಾಡ, ತಡಿ," ಎಂದು, ಎದುರಿನ ಅಂಗಡಿಯ ಕಡೆ ಮುಖ ಮಾಡಿ ಕೂಗಿದರು: "ಏ ಫಕೀರಪ್ಪಾ! ಇಲ್ಲಿ ಬಾರಲೇ."

ಫಕೀರಪ್ಪ ಎದುರಂಗಡಿಯಲ್ಲಿ ಮಾಲು ನೋಡುವವನು. ಅವನ ನಾಲಿಗೆ ಚಪ್ಪಲಿಯ ಅಟ್ಟೆಗೆ ಲಾಯಕ್ಕು ಎಂದು ಕಾಕಾ ಇಪ್ಪತ್ತು ವರ್ಷದಿಂದ ಆಡಿಕೊಳ್ಳುತ್ತ ಬಂದಿದ್ದರು. ಅವನು ಓಡಿ ಬಂದ. ವಿಷಯ ಕೇಳಿ ಕೈ ಮುಗಿದ. "ಕಾಕಾ, ನೀವು ನೋಡಿದ ಮಾಲು ನಾ ಹೆಂಗ ನೋಡ್ಲಿರಿ?"

"ನಾ ನೋಡಿಲ್ಲಪಾ, ನೋಡಿದಂಗ ಮಾಡೀನಿ," ಎಂದರು ಕಾಕಾ, ಪೇಟೆಗೆಲ್ಲ ಕೇಳುವ ಹಾಗೆ. "ನನ್ನ ನಾಲಿಗಿ ಹೋಗೇತಿ. ಮುಂಜಾನಿಂದ ನಾ ನೋಡಿದ ಮಾಲೆಲ್ಲಾ ನೀ ಇನ್ನೊಮ್ಮೆ ನೋಡು."

ಫಕೀರಪ್ಪ ಅಂಜುತ್ತ ಅಂಜುತ್ತ ಕಾಳು ಅಗಿದ. ಅಂಗಡಿಯ ಸಾವಕಾರರ ಮುಖ ನೋಡಿದ, ಕಾಕಾರ ಮುಖ ನೋಡಿದ. "ಹದಿಮೂರಾಣೆ ಐತ್ರಿ," ಎಂದ. ಆ ಹೆಣ್ಣುಮಗಳು ದಬ್ಬಣ ಹಿಡಿದು ಹಾಗೇ ನಿಂತಿದ್ದಳು. ಕಾಕಾ ಅವಳಿಗೆ, "ನಿನ್ನ ಬಾಯಿ ಖರೇ ಹೇಳಿತ್ತವಾ, ನಂದ ಸುಳ್ಳ ಹೇಳ್ತು," ಎಂದರು.

ಸಾವಕಾರರು ಅವರನ್ನು ಒಳಗೆ ಕರೆದರು. ಕೆಟ್ಟ ಮನುಷ್ಯರಲ್ಲ ಅವರು. "ಏನಾತೀಗ? ಫಕೀರಪ್ಪನ ನಮ್ಮಲ್ಲೆ ಇಟಗೊಳ್ಳೂಣು, ಅಂವ ಹಿಂದ ನೋಡ್ತಾನ. ನೀವು ಗಾದಿ ಮ್ಯಾಲೆ ಸುಮ್ನ ಕುಂತ್ರ ಸಾಕು. ನಿಮ್ಮನ್ನ ನೋಡಿ ಮಂದಿ ಬರ್ತಾರ," ಎಂದರು.

"ನಮ್ಮಪ್ಪನೂ ಹಂಗ ಕುಂತಿದ್ದ್ರಿ," ಎಂದರು ಕಾಕಾ. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಸಂತೆಯ ದಿನ ಹೊತ್ತು ನೆತ್ತಿಗೇರುವ ಮೊದಲೇ ಮನೆಗೆ ನಡೆದರು. ಅಂಥದ್ದನ್ನು ಆ ಪೇಟೆ ಎಂದೂ ಕಂಡಿರಲಿಲ್ಲ.

ಆಮೇಲೆ ಹತ್ತಾರು ವರ್ಷ ಬದುಕಿದ್ದರು, ಗಟ್ಟಿಯಾಗಿಯೇ ಇದ್ದರು. ನನಗೆ ವರ್ಗವಾದ ಮೇಲೂ ಆ ಕಡೆ ಹೋದಾಗಲೆಲ್ಲ ಭೇಟಿಯಾಗುತ್ತಿದ್ದೆ. ಮಾತಿನ ನಡುವೆ ಒಮ್ಮೆ ಹೇಳಿದರು: "ಬೆಲಿ ಕಟ್ಟೂ ನಾಲಿಗಿ ಹೋತು ತಮ್ಮಾ, ಉಣ್ಣೂ ನಾಲಿಗಿ ಐತಿ. ಇಷ್ಟ ದಿವಸ ಅದಕ್ಕ ಕೆಲಸಾನ ಕೊಟ್ಟಿರಲಿಲ್ಲ." ದುಃಖವಿರಲಿಲ್ಲ ಎಂದು ಹೇಳಲಾರೆ. ಆದರೆ ಅದಕ್ಕಿಂತ ದೊಡ್ಡದೊಂದು ಭಾರ ಅವರ ತಲೆಯಿಂದ ಇಳಿದಿತ್ತು. ಅದನ್ನು ನಾನು ಕಂಡದ್ದು ಆ ಸಂತೆ ಕಳೆದ ಮುಂದಿನ ವಾರ, ಶೇಖಪ್ಪನ ಬಾರಿನಲ್ಲಿ.

ಅವರು ಬರಲಾರರು ಎಂದುಕೊಂಡಿದ್ದೆವು. ಎಂದಿನ ಹೊತ್ತಿಗೆ ಬಂದರು. ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಶೇಖಪ್ಪನಿಗೆ ಗ್ಲಾಸು ಇಡಬೇಕೋ ಬಿಡಬೇಕೋ ತಿಳಿಯಲಿಲ್ಲ. ನಾನು ಒಂದು ವಾರದಿಂದ ನುಂಗಿಕೊಂಡಿದ್ದ ಮಾತನ್ನು ಹೊರಗೆ ಹಾಕಿದೆ.

"ಕಾಕಾ, ನಾ ಆಣೀ ಮಾಡಿ ತಪ್ಪಿದೆ. ಅವತ್ತನ ಹೇಳಬೇಕಾಗಿತ್ತು. ಒಂದ್ ದಿವಸ ತಡಾ ಮಾಡಿದೆ."

ಅವರು ನನ್ನ ತೊಡೆಯ ಮೇಲೆ ಕೈ ಇಟ್ಟರು. ಈ ಸಲ ಮೇಲೆ ಟವೆಲ್ಲು ಇರಲಿಲ್ಲ.

"ಒಂದ್ ದಿವಸ," ಎಂದರು. "ನಾ ಎರಡ ವರ್ಷ ಮಾಡಿದ್ದೆ ತಮ್ಮಾ."

ಶೇಖಪ್ಪ ಏನು ಮಾಡಬೇಕೆಂದು ತೋಚದೆ ಹಡಗಿನ ಬಾಟಲಿಯನ್ನೇ ತೆಗೆದು, ಗ್ಲಾಸು ಓರೆ ಮಾಡುವುದನ್ನೂ ಮರೆತು ಬಗ್ಗಿಸಿಬಿಟ್ಟ. ನೊರೆ ಉಕ್ಕಿ ಮೇಜಿನ ಮೇಲೆ ಇಳಿಯಿತು. ಕಾಕಾ ಊದಲಿಲ್ಲ. ಗ್ಲಾಸು ಎತ್ತಿ, ಎರಡೂ ಕಣ್ಣು ತೆರೆದುಕೊಂಡು, ನೊರೆಯ ಸಮೇತ ದೊಡ್ಡ ಗುಟುಕೊಂದನ್ನು ಎಳೆದು ನುಂಗಿದರು. ಇನ್ನೊಂದು ಗುಟುಕು. ಗ್ಲಾಸು ಖಾಲಿಯಾಗುವವರೆಗೂ ಕೆಳಗಿಡಲಿಲ್ಲ. ಮೀಸೆಗೆ ಹತ್ತಿದ ನೊರೆಯನ್ನು ಅಂಗೈಯಿಂದ ಒರೆಸಿಕೊಂಡರು.

ಶೇಖಪ್ಪ ರೂಢಿಯಂತೆ ಕೇಳಿದ: "ಎಷ್ಟಾಣೆ ರಿ ಕಾಕಾ?"

"ಅದನ್ನ ಫಕೀರಪ್ಪಗ ಕೇಳು," ಎಂದರು ಕಾಕಾ. "ನನಗ ಇನ್ನೊಂದ್ ಗ್ಲಾಸ್ ಹಾಕು."